ಬಿಸಿಲಲ್ಲಿ ಬಂದ ಕೆಂಪು ನೀರು

ಆ ವರ್ಷ ನಮ್ಮ ಕಡೆ ವಳೀವ ಮಳೆ ಬೀಳಲೇ ಇಲ್ಲ. ಮುಂಗಾರಿಗೆ ಮುಂಚೆ, ಮೇ ತಿಂಗಳ ಸಂಜೆ ಗುಡುಗಿನೊಂದಿಗೆ ಬಂದು ಅರ್ಧ ತಾಸು ಹೊಡೆದು ಹೋಗುವ ಮಳೆಗೆ ನಿಪ್ಪಾಣಿ, ಚಿಕ್ಕೋಡಿ ಸೀಮೆಯಲ್ಲಿ ಹಾಗೆ ಅನ್ನುತ್ತಾರೆ. ಸಂಜೆಯಾದರೆ ಮೋಡ ಕಟ್ಟುತ್ತಿತ್ತು, ಗಾಳಿ ಎದ್ದು ತಂಬಾಕಿನ ಹೊಲಗಳ ಧೂಳನ್ನೆಲ್ಲ ನಮ್ಮ ನೀರಿನ ತೊಟ್ಟಿಗಳ ಮೇಲೆ ಸುರಿದು ಹೋಗುತ್ತಿತ್ತು. ಹನಿ ಮಾತ್ರ ಇಲ್ಲ. ಜೂನ್ ಮುಗಿಯುತ್ತ ಬಂದರೂ ವೇದಗಂಗೆ ಕಲ್ಲುಗಳ ನಡುವೆ ಹಸಿರುಗಟ್ಟಿದ ಮಡುಗಳಾಗಿ ನಿಂತಿತ್ತು.

ಎಂಬತ್ತರ ದಶಕದ ಕೊನೆಯ ಮಾತು. ನದಿಯ ದಂಡೆಯ ಮೇಲಿದ್ದ ಒಂದು ಸಣ್ಣ ನೀರು ಶುದ್ಧೀಕರಣ ಘಟಕದಲ್ಲಿ ನಾನು ಕೆಮಿಸ್ಟ್ ಆಗಿದ್ದೆ. ಹುದ್ದೆ ಹಂಗಾಮಿ. ಸುತ್ತಲಿನ ಕೆಲವು ಹಳ್ಳಿಗಳ ನಲ್ಲಿಗೆ ನೀರು ನಮ್ಮಿಂದಲೇ ಹೋಗುತ್ತಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹತ್ತಿರದ ಊರಿನಲ್ಲಿ ಬಾಡಿಗೆ ಮನೆ ಹುಡುಕಿದೆ. ಮೊದಲು ಅಡ್ಡಹೆಸರು ಕೇಳಿದರು, ಆಮೇಲೆ ಮನೆ ಖಾಲಿ ಇಲ್ಲ ಅಂದರು. ನಮ್ಮದು ದಲಿತ ಕೇರಿಯಿಂದ ಬೌದ್ಧರಾದ ಮನೆತನ. ಎರಡನೆಯ ಊರಿನಲ್ಲಿಯೂ ಅದೇ ಆಯಿತು, ಮೂರನೆಯ ಊರಿಗೆ ನಾನು ಹೋಗಲಿಲ್ಲ. ಘಟಕದ ಹಿಂದಿನ ಸಾಮಾನು ಕೋಣೆಯನ್ನು ತೊಳೆದು, ಒಂದು ಮಂಚ, ಒಂದು ಸ್ಟೋವ್ ಇಟ್ಟುಕೊಂಡು ಅಲ್ಲಿಯೇ ಉಳಿದೆ. ಪಾಳಿಯ ಮೇಲೆ ಬರುವ ಆಪರೇಟರುಗಳು ಪಾಳಿ ಮುಗಿಸಿ ಮನೆಗೆ ಹೋಗುತ್ತಿದ್ದರು. ಮೋಟಾರು ನಿಂತ ಹೊತ್ತಿನಲ್ಲಿ ಅಲ್ಲಿ ನನ್ನ ಸಪ್ಪಳ ಬಿಟ್ಟರೆ ಬೇರೆ ಸಪ್ಪಳ ಇರುತ್ತಿರಲಿಲ್ಲ. ಕೆಲವು ದಿನ ಮಧ್ಯಾಹ್ನದ ತನಕ ಒಂದು ಮಾತನ್ನೂ ಆಡದೆ, ಆಮೇಲೆ ಯಾರೋ ಏನೋ ಕೇಳಿದಾಗ ನನ್ನ ದನಿ ನನಗೇ ಒರಟಾಗಿ ಕೇಳುತ್ತಿತ್ತು.

ಕೆಲಸ ಇಷ್ಟು. ಮುಂಜಾನೆ ಜಾಕ್‌ವೆಲ್ಲಿನಿಂದ, ಅಂದರೆ ನದಿಯೊಳಗೆ ಕಟ್ಟಿದ ದೊಡ್ಡ ಬಾವಿಯಿಂದ, ನೀರು ತಂದು ಪರೀಕ್ಷಿಸುವುದು. ಆ ದಿನ ಎಷ್ಟು ಪಟಿಕ ಹಾಕಬೇಕೆಂದು ಹೇಳುವುದು. ಪಟಿಕಕ್ಕೆ ನಮ್ಮ ಹಿರಿಯ ಆಪರೇಟರ್ ‘ತುರಟಿ’ ಅನ್ನುತ್ತಿದ್ದರು. ಅದು ನೀರಿನಲ್ಲಿ ಕರಗಿ, ಹಿಂಜಿದ ಅರಳೆಯಂಥ ಗಸಿಯಾಗಿ, ರಾಡಿಯನ್ನು ಅಪ್ಪಿಕೊಂಡು ತಳಕ್ಕೆ ಇಳಿಯುತ್ತದೆ. ತಿಳಿಯಾದ ನೀರು ಮರಳಿನ ಫಿಲ್ಟರಿಗೆ ಹೋಗುತ್ತದೆ, ಕೊನೆಗೆ ಬ್ಲೀಚಿಂಗ್ ಪುಡಿ. ಆದರೆ ಪಟಿಕ ಹಾಗೆ ಅರಳಬೇಕಾದರೆ ನೀರಿನಲ್ಲಿ ಸ್ವಲ್ಪ ಸುಣ್ಣದ ಗುಣ ಇರಲೇಬೇಕು. ಪುಸ್ತಕದಲ್ಲಿ ಅದಕ್ಕೆ ಕ್ಷಾರೀಯತೆ ಅನ್ನುತ್ತಾರೆ. ನಮ್ಮ ಹೊಳೆಯಲ್ಲಿ ಅದಕ್ಕೆ ಯಾವತ್ತೂ ಕೊರತೆ ಬಿದ್ದಿರಲಿಲ್ಲ. ಬೇಸಿಗೆಯಲ್ಲಿ ನೆಲದೊಳಗಿನಿಂದ ಒಸರಿ ಬರುವ ನೀರೇ ಹೊಳೆಗೆ ಆಧಾರ, ಅದು ಗಡಸು. ಮಳೆಗಾಲಕ್ಕೆ ಮೊದಲು ವಳೀವ ಬಿದ್ದು, ಸುಣ್ಣದ ಹರಳು ತುಂಬಿದ ನಮ್ಮ ಕರಿನೆಲದ ನೀರು ಹೊಳೆಗೆ ಇಳಿಯುತ್ತಿತ್ತು. ಹೊಳೆ ಹುಟ್ಟುವ ಪಶ್ಚಿಮದ ಘಟ್ಟದ ನೀರು ನಿಧಾನವಾಗಿ ಆಮೇಲೆ ಬಂದು ಅದರೊಂದಿಗೆ ಕೂಡುತ್ತಿತ್ತು. ಹೀಗಾಗಿ ಘಟಕ ಕಟ್ಟಿದವರು ಸುಣ್ಣದ ತೊಟ್ಟಿ ಕಟ್ಟಿರಲಿಲ್ಲ. ಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ, ನನಗೂ.

ಒಂದು ಮುಂಜಾನೆ ಬಾಟಲಿ ಹಿಡಿದು ಜಾಕ್‌ವೆಲ್ಲಿಗೆ ಹೋದೆ. ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಹೊಳೆ ಮಾತ್ರ ಬೇರೆಯದೇ ಆಗಿತ್ತು. ಹಿಂದಿನ ದಿನ ನಾನು ಕಾಲಿಟ್ಟು ದಾಟಿದ್ದ ಕಲ್ಲುಗಳು ಕಾಣುತ್ತಿರಲಿಲ್ಲ. ಹಂಚಿನ ಪುಡಿ ಕಲಸಿದಂಥ ಕೆಂಪು ನೀರು, ಎಲೆ, ಕಡ್ಡಿ, ಸತ್ತ ಏಡಿ, ನೊರೆ ಹೊತ್ತುಕೊಂಡು ಸಪ್ಪಳವಿಲ್ಲದೆ ಸರಿಯುತ್ತಿತ್ತು.

ಹಿರಿಯ ಆಪರೇಟರ್ ಬಂದು ನನ್ನ ಪಕ್ಕದಲ್ಲಿ ನಿಂತರು. ನಾನು ಅವರನ್ನು ಕಾಕಾ ಅನ್ನುತ್ತಿದ್ದೆ.

“ಘಟ್ಟದಾಗ ಜೋರ ಹೊಡದೈತ್ರಿ ಅಕ್ಕಾರ. ಇಲ್ಲಿ ನೋಡ್ರಿ, ಧೂಳ ಸೈತ ತೊಯ್ದಿಲ್ಲ.”

“ಹಿಂಗ ಮೊದಲ ಬಂದಿತ್ತೇನ್ರಿ ಕಾಕಾ?”

“ಮೊದಲ ನಮ್ಮದ ರಾಡಿ ಬರತಿತ್ರಿ, ಕರೇದು. ಕೆಂಪ ನೀರ ಆಮ್ಯಾಲ ಬರತಿತ್ತು. ಈ ಸಲ ತಿರವ ಮುರವ ಆಗೇತಿ.”

ಪ್ರಯೋಗಾಲಯಕ್ಕೆ ಬಂದು ಸಾಲಾಗಿ ಬೀಕರುಗಳನ್ನಿಟ್ಟು ಪಟಿಕದ ಪರೀಕ್ಷೆ ಶುರುಮಾಡಿದೆ. ಒಂದೊಂದಕ್ಕೂ ಹಿಂದಿನದಕ್ಕಿಂತ ಹೆಚ್ಚು ಪಟಿಕ. ಕೈಯಿಂದ ತಿರುಗಿಸುವ ಯಂತ್ರದಲ್ಲಿ ಮೊದಲು ಜೋರಾಗಿ, ಆಮೇಲೆ ಮೆಲ್ಲಗೆ ಕಲಕಿ, ನಿಲ್ಲಿಸಿ ಕಾಯ್ದೆ. ಗಸಿ ಕಟ್ಟಲಿಲ್ಲ. ಎಲ್ಲ ಬೀಕರುಗಳಲ್ಲಿಯೂ ಅದೇ ಕೆಂಪು. ಇನ್ನೂ ಹೆಚ್ಚು ಹಾಕಿ ನೋಡಿದೆ. ಆಗ ಮತ್ತಷ್ಟು ಕೆಟ್ಟಿತು, ಕಣಗಳು ಕೆಳಗಿಳಿಯುವುದು ಹೋಗಲಿ, ಒಂದನ್ನೊಂದು ಮುಟ್ಟಲೂ ಒಲ್ಲವು ಎಂಬಂತೆ ತೇಲುತ್ತಿದ್ದವು. ಪಟಿಕ ಹಳೆಯದಾಯಿತೇನೋ ಎಂದು ಹೊಸ ಚೀಲ ಬಿಚ್ಚಿಸಿದೆ. ಅದೇ ಕಥೆ.

ಅಷ್ಟರಲ್ಲಿ ಫಿಲ್ಟರಿನಿಂದ ಹೊರಬರುವ ನೀರಿಗೂ ಬಣ್ಣ ಇಳಿಯುತ್ತಿತ್ತು. ಬ್ಲೀಚಿಂಗ್ ಪುಡಿಯನ್ನು ಎರಡರಷ್ಟು ಹಾಕಿಸಿದೆ. ಕ್ಲೋರಿನ್ ಉಳಿದಿದ್ದರೆ ಪರೀಕ್ಷೆಯ ನೀರು ಹಳದಿಯಾಗಬೇಕು. ಆಗಲಿಲ್ಲ. ಕೊಳೆತ ಎಲೆಯ ನೀರು ಎಲ್ಲವನ್ನೂ ತಿಂದುಹಾಕಿತ್ತು.

ಆಗ ಕ್ಷಾರೀಯತೆ ನೋಡಬೇಕೆಂದು ಹೊಳೆಯಿತು. ಕೆಂಪು ನೀರನ್ನು ಕಾಗದದಲ್ಲಿ ಸೋಸಿ, ಬಣ್ಣದ ಹನಿ ಹಾಕಿ, ಬ್ಯುರೆಟ್ಟಿನಿಂದ ಆಮ್ಲ ಬಿಡುವ ಪರೀಕ್ಷೆ ಅದು. ಹಳದಿ ಬಣ್ಣ ಕಿತ್ತಳೆಗೆ ತಿರುಗಿದರೆ ನಿಲ್ಲಿಸಬೇಕು. ಬೇಸಿಗೆಯಲ್ಲಿ ಎಷ್ಟೋ ಹೊತ್ತು ಹನಿ ಬಿಡುತ್ತಿದ್ದೆ, ಕೈ ಸೋಲುತ್ತಿತ್ತು. ಅಂದು ನಲ್ಲಿ ತಿರುಗಿಸಿದ್ದೇ ತಡ, ಬಣ್ಣ ತಿರುಗಿಬಿಟ್ಟಿತು. ನನ್ನ ಕೈತಪ್ಪೆಂದು ಮತ್ತೆ ಮಾಡಿದೆ. ಮತ್ತೆ ಅಷ್ಟೇ. ನೀರಿನಲ್ಲಿ ಸುಣ್ಣದ ಗುಣ ಹೆಚ್ಚುಕಡಿಮೆ ಇರಲೇ ಇಲ್ಲ. ಅದು ಹೊಳೆಯ ನೀರಲ್ಲ, ಕೆಂಪು ಮಣ್ಣು ಕಲಸಿದ ಬರೀ ಮಳೆಯ ನೀರು. ನಾನು ಹಾಕಿದ ಒಂದೊಂದು ಹಿಡಿ ಪಟಿಕವೂ ಇದ್ದ ಅಷ್ಟಿಷ್ಟನ್ನು ಮುಗಿಸಿ ನೀರನ್ನು ಹುಳಿ ಮಾಡುತ್ತಿತ್ತು.

ಸುಣ್ಣ ಬೇಕಿತ್ತು. ಘಟಕದಲ್ಲಿ ಗೋಡೆಗೆ ಬಳಿದದ್ದನ್ನು ಬಿಟ್ಟರೆ ಸುಣ್ಣವಿರಲಿಲ್ಲ.

ಚಿಕ್ಕೋಡಿಯ ಕಚೇರಿಗೆ ಫೋನ್ ಮಾಡಿದೆ. ಜೂನಿಯರ್ ಎಂಜಿನಿಯರ್ ಸಾಹೇಬರು ಮೀಟಿಂಗಿಗೆಂದು ಬೆಳಗಾವಿಗೆ ಹೋಗಿದ್ದರು. ಬರುವುದು ಸಂಜೆ. ಮೇಲಿನ ಟಾಕಿಯಲ್ಲಿ, ಅಂದರೆ ಊರುಗಳಿಗೆ ನೀರು ಬಿಡುವ ಎತ್ತರದ ತೊಟ್ಟಿಯಲ್ಲಿ, ಹಿಂದಿನ ದಿನದ ಒಳ್ಳೆಯ ನೀರು ಅರ್ಧ ಇತ್ತು. ಪಂಪು ಇನ್ನಷ್ಟು ಹೊತ್ತು ನಡೆದರೆ ಕೆಂಪು ನೀರು ಅದರೊಳಗೂ ಹೋಗಿ ಬೀಳುವುದಿತ್ತು.

“ಕಾಕಾ, ಪಂಪ ಬಂದ್ ಮಾಡ್ರಿ.”

“ಸಾಹೇಬ್ರ ಹೇಳದ ಹೆಂಗ ಮಾಡೂದ್ರಿ? ಊರಾಗ ಕೊಡ ಸಾಲ ಹಚ್ಚಿ ಕುಂತಿರ್ತಾರ. ನಾಳಿಗಿ ನನ್ನ ಕೊಳ್ಳಿಗಿ ಬರತೈತಿ.”

“ಈ ನೀರ ಕುಡದ ಮಂದಿಗೆ ಕಾಮಣಿ, ವಾಂತಿಭೇದಿ ಆದ್ರ?”

“ನೀವು ಹಂಗಾಮಿ ಅದೀರಿ ಅಕ್ಕಾರ,” ಎಂದರು ಅವರು ದನಿ ತಗ್ಗಿಸಿ. ಅದು ಬೆದರಿಕೆಯಾಗಿರಲಿಲ್ಲ, ನನ್ನ ಮೇಲಿನ ಕಾಳಜಿ. “ನಿಮಗ ಯಾಕ ಬೇಕ್ರಿ ಇದು?”

ನಾನು ಪಂಪಿನ ಮನೆಗೆ ಹೋಗಿ ಕೆಂಪು ಗುಂಡಿ ಒತ್ತಿದೆ. ಮೋಟಾರು ನರಳುತ್ತ ನಿಂತಿತು. ಕಾಕಾ ಬಾಗಿಲಲ್ಲಿ ನಿಂತು ನೋಡಿದರು, ಒಳಗೆ ಬರಲಿಲ್ಲ. ಇಷ್ಟು ದಿನ ನನ್ನ ಮಾತಿಗೆ ಬೆಲೆ ಇಲ್ಲವೆಂದು ಕೊರಗಿದ್ದೆ. ನನ್ನ ಬೆರಳಿಗೆ ಇಷ್ಟು ಬಲವಿದೆ ಎಂದು ಆ ಹೊತ್ತು ತಿಳಿದಾಗ ಸಮಾಧಾನವಾಗಲಿಲ್ಲ, ಹೆದರಿಕೆಯಾಯಿತು.

ಇದ್ದ ಒಳ್ಳೆಯ ನೀರನ್ನು ಊರೂರಿಗೆ ಸ್ವಲ್ಪ ಸ್ವಲ್ಪ ಬಿಡಲು ಹೇಳಿ, ಮೈಕು ಕಟ್ಟಿದ ಒಂದು ಜೀಪು ಗೊತ್ತುಮಾಡಿಕೊಂಡು ಹೊರಟೆ. ನಲ್ಲಿ ನೀರು ಕೆಲವು ದಿನ ಬರುವುದಿಲ್ಲ, ಹೊಳೆಯ ನೀರನ್ನು ಕುದಿಸದೆ ಕುಡಿಯಬೇಡಿ ಎಂದು ಕೂಗಿಸುವುದು. ಕೆಲವು ಊರುಗಳಲ್ಲಿ ಬೈದರು, ಕೆಲವು ಕಡೆ ನಕ್ಕರು. ಪೈಪಿನ ಸಾಲಿನಲ್ಲಿ ಎಲ್ಲಕ್ಕಿಂತ ಕೊನೆಯ ಊರಿಗೆ ಹೋದಾಗ ಬಿಸಿಲು ನೆತ್ತಿಗೇರಿತ್ತು. ಟಾಕಿಯ ನೀರು ಅಲ್ಲಿಯವರೆಗೆ ಮುಟ್ಟಿರಲೇ ಇಲ್ಲ. ನಲ್ಲಿಯ ಕಟ್ಟೆಯ ಹತ್ತಿರ ಹೆಂಗಸರು ಕೂತಿದ್ದರು. ಅವರಲ್ಲೊಬ್ಬಾಕೆ, ಕಂಕುಳಲ್ಲಿ ಒಂದು ಹೆಣ್ಣುಮಗು ಇದ್ದವಳು, ಜೀಪಿಗೆ ಅಡ್ಡ ಬಂದು ನಿಂತಳು.

“ಕಾಸಿ ಕುಡೀರಿ ಅಂತ ಒದರಾಕತ್ತೀರಲ್ಲ, ಉರಲ ಯಾರ ತಂದ ಕೊಡ್ತಾರ? ಕಬ್ಬಿನ ಒಣಾ ರವದಿ ಹೊಲದಾಗ ಸುಟ್ಟೇವಿ. ಅನ್ನಾ ಬೇಯಿಸಾಕ ಕಟಗಿ ಇಲ್ಲ, ನೀರ ಕಾಸಲೇನ?”

“ಕೂಸಿಗರ ಕಾಸಿ ಕುಡಸ್ರಿ ಅಕ್ಕಾ, ದೊಡ್ಡವರದ ಬಿಡ್ರಿ,” ಎಂದೆ.

ಅಲ್ಲಿಯೇ ಗಿಡದ ನೆರಳಲ್ಲಿ ಕೂತಿದ್ದ ಹಿರಿಯರೊಬ್ಬರು, ಯಾರಿಗೂ ಹೇಳುತ್ತಿಲ್ಲ ಎಂಬಂತೆ ಹೇಳಿದರು: “ಕಾಲ ನೋಡ್ರಿ ಹೆಂಗ ಬಂತು. ನೀರ ಕೊಡೂದು ಬಿಡೂದು ಈಗ ಇವರ ಕೈಯಾಗ.”

ಇವರ ಅಂದರೆ ಯಾರು ಎಂದು ಕೇಳುವ ಅಗತ್ಯವಿರಲಿಲ್ಲ. ಬಾವಿಯಿಂದ ಮಾರು ದೂರದಲ್ಲಿ ಕೊಡ ಹಿಡಿದು, ಸುರಿಯುವವರು ಯಾರಾದರೂ ಬರಲಿ ಎಂದು ಅವ್ವ ಕಾಯುತ್ತಿದ್ದುದನ್ನು ನೋಡಿ ಬೆಳೆದವಳು ನಾನು. ಅವರಿಗೆ ಹೇಳಬಹುದಾದ ಮಾತು ನನ್ನ ಬಾಯಲ್ಲಿತ್ತು. ಜೀಪು ಹತ್ತಿ ಮುಂದಿನ ಓಣಿಗೆ ಹೋದೆ.

ಸಂಜೆ ಎಂಜಿನಿಯರ್ ಸಾಹೇಬರು ನೇರವಾಗಿ ಘಟಕಕ್ಕೇ ಬಂದರು. ಬೆಳಗಾವಿಯಲ್ಲಿ ಅವರಿಗೆ ಫೋನಿನ ಮೇಲೆ ಫೋನು ಹೋಗಿತ್ತು. “ಒಂದ ಮಾತ ಕೇಳಬಾರದೇನ್ರಿ? ಮ್ಯಾಲಿನವರಿಗೆ ನಾ ಏನ ಹೇಳ್ಲಿ ಈಗ?” ಎಂದು ಕೂಗಾಡಿದರು. ನಾನು ಬೀಕರುಗಳ ಸಾಲನ್ನು ತೋರಿಸಿದೆ. ಮುಂಜಾನೆಯಿಂದ ಕದಲಿಸದೆ ಇಟ್ಟಿದ್ದೆ, ಆಗಲೂ ಎಲ್ಲವೂ ಕೆಂಪಾಗಿಯೇ ಇದ್ದವು. ಅವರು ಬಗ್ಗಿ ಒಂದೊಂದನ್ನೂ ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. “ಸುಣ್ಣ ಎಲ್ಲಿ ಸಿಗತೈತಿ ಹೇಳ್ರಿ. ಟ್ರಕ್ ನಾ ಕೊಡ್ತೀನಿ.”

ಸುಣ್ಣ ಎಲ್ಲಿ ಸಿಗುತ್ತದೆಂದು ನನಗೆ ಗೊತ್ತಿತ್ತು. ಕಬ್ಬಿನ ಹಾಲನ್ನು ತಿಳಿ ಮಾಡಲು ಸಕ್ಕರೆ ಕಾರ್ಖಾನೆಗೆ ರಾಶಿ ಸುಣ್ಣ ಬೇಕು. ನನ್ನ ಅಪ್ಪ ಶಿರಗುಪ್ಪಿ ಕಡೆಯ ಒಂದು ಕಾರ್ಖಾನೆಯಲ್ಲಿ ಸುಣ್ಣ ಅರಳಿಸುವ ತೊಟ್ಟಿಯ ಮೇಲೆಯೇ ವಯಸ್ಸು ಕಳೆದಿದ್ದರು. ಮರುದಿನ ಬೆಳಕು ಹರಿಯುವಾಗ ಟ್ರಕ್ಕಿನಲ್ಲಿ ಹೊರಟೆ. ಕಬ್ಬಿನ ಹಂಗಾಮು ಮುಗಿದು ಕಾರ್ಖಾನೆ ತಣ್ಣಗೆ ನಿಂತಿತ್ತು. ಅಲ್ಲಿಯ ಕೆಮಿಸ್ಟ್ ನನ್ನ ಮಾತನ್ನು ಪೂರ್ತಿ ಕೇಳಿ, ಉಳಿದಿದ್ದ ಸುಣ್ಣವನ್ನು ಎತ್ತಿಕೊಂಡು ಹೋಗಲು ಬಿಟ್ಟರು. ಮ್ಯಾನೇಜರಿಗೆ ತಾವೇ ಹೇಳುತ್ತೇನೆಂದರು.

ಅಪ್ಪ ಸುದ್ದಿ ಕೇಳಿ ಮನೆಯಿಂದ ಬಂದಿದ್ದರು. “ನಾನೂ ಬರ್ತೇನಿ,” ಎಂದು ಚೀಲಗಳ ಮೇಲೆಯೇ ಕೂತರು. ನಮ್ಮ ಮನೆಯಲ್ಲಿ ಮಾತು ಕಡಿಮೆ. ಘಟಕದಲ್ಲಿ ಒಂದು ಹಳೆಯ ತೊಟ್ಟಿಗೆ ನೀರು ತುಂಬಿಸಿ ಅಪ್ಪ ಸುಣ್ಣ ಸುರಿದರು. ಕುದಿಯುವ ಸಪ್ಪಳದೊಂದಿಗೆ ಬಿಳಿ ಹಬೆ ಎದ್ದಿತು.

“ಹಿಂದ ಸರಿ ಮಗಾ. ಕಣ್ಣಿಗಿ ಹಾರತೈತಿ.”

ನಾನು ಸರಿಯಲಿಲ್ಲ. ಅವರ ಕೈಗಳನ್ನು ನೋಡುತ್ತಿದ್ದೆ. ಸುಣ್ಣ ತಿಂದ ಬೆರಳುಗಳ ತುದಿ ನುಣ್ಣಗಾಗಿತ್ತು.

ಮತ್ತೆ ಬೀಕರುಗಳ ಸಾಲು. ಈ ಸಲ ಮೊದಲು ಸುಣ್ಣದ ಹಾಲು, ಆಮೇಲೆ ಪಟಿಕ. ಮೆಲ್ಲಗೆ ಕಲಕುತ್ತಿದ್ದಂತೆ ನಡುವಿನ ಒಂದು ಬೀಕರಿನಲ್ಲಿ ಚುಕ್ಕೆಗಳು ಕಾಣಿಸಿದವು. ಚುಕ್ಕೆಗಳು ಕೂಡಿ ಎಳೆಯಾದವು, ಎಳೆ ಅರಳೆಯಾಯಿತು, ಕೆಂಪನ್ನೆಲ್ಲ ಹೊತ್ತು ತಳಕ್ಕೆ ಇಳಿಯಿತು. ಮೇಲೆ ಉಳಿದ ನೀರಿನಾಚೆ ಕಿಟಕಿಯ ಸರಳು ಕಾಣುತ್ತಿತ್ತು. ಅಪ್ಪ ಬಗ್ಗಿ ನೋಡಿ, “ಕಬ್ಬಿನ ಹಾಲೂ ಹಿಂಗ ತಿಳಿ ಆಕ್ಕೈತಿ,” ಅಂದರು. ಅಷ್ಟೇ. ಸಂಜೆಯ ಬಸ್ಸಿಗೆ ಹೊರಟುಹೋದರು. ಒಂದು ರಾತ್ರಿ ಇದ್ದು ಹೋಗು ಅಂತ ಅನ್ನಲು ನನ್ನ ಕೋಣೆಯಲ್ಲಿ ಎರಡನೆಯ ಹಾಸಿಗೆ ಇರಲಿಲ್ಲ.

ತೊಟ್ಟಿಗಳನ್ನು, ಫಿಲ್ಟರುಗಳನ್ನು ತೊಳೆದು, ಪೈಪಿನಲ್ಲಿದ್ದ ಕೆಟ್ಟ ನೀರನ್ನು ಹೊರಗೆ ಬಿಟ್ಟು, ನಲ್ಲಿಗೆ ಮತ್ತೆ ನೀರು ಹರಿಸಲು ಇನ್ನೂ ಕೆಲವು ದಿನ ಹಿಡಿಯಿತು. ಅಷ್ಟರಲ್ಲಿ ಕೊನೆಯ ಊರಿನಿಂದ ಒಂದು ಮಗುವನ್ನು ವಾಂತಿಭೇದಿಯಾಗಿ ಚಿಕ್ಕೋಡಿ ಆಸ್ಪತ್ರೆಗೆ ಸೇರಿಸಿದ್ದಾರೆಂದು ಸುದ್ದಿ ಬಂತು. ನಾನು ಹೋದೆ. ಜೀಪಿಗೆ ಅಡ್ಡ ನಿಂತಿದ್ದ ಆ ಹೆಂಗಸೇ ಮಂಚದ ಹತ್ತಿರ ನೆಲದ ಮೇಲೆ ಕೂತಿದ್ದಳು. ಮಗುವಿನ ಕೈಗೆ ಸಲಾಯಿನ್ ಹಚ್ಚಿದ್ದರು. ಕಣ್ಣು ಒಳಗೆ ಸೇರಿದ್ದವು, ಆದರೆ ಗಂಡಾಂತರ ದಾಟಿತ್ತು.

ಬೈಯುತ್ತಾಳೆಂದುಕೊಂಡೆ. ಆಕೆ ಬೈಯಲಿಲ್ಲ.

“ನೀವು ಹೇಳಿದಂಗ ಕಾಸಿದ್ನಿರಿ,” ಎಂದಳು. “ಒಂದ ದಿನ ಕಾಸಿದೆ, ಎರಡ ದಿನ ಕಾಸಿದೆ. ಆಮ್ಯಾಲ ಕಟಗಿ ತೀರಿತು.”

ನಾನು ಮಂಚದ ಕಂಬಿ ಹಿಡಿದು ನಿಂತೆ. ನಲ್ಲಿಯಲ್ಲಿ ಆ ಕೆಂಪು ನೀರನ್ನೇ ಬಿಟ್ಟಿದ್ದರೆ ಇಂಥ ಮಕ್ಕಳು ಊರಿಗೆ ಹತ್ತು ಆಗುತ್ತಿದ್ದವು ಎಂಬುದು ನನಗೆ ಗೊತ್ತಿತ್ತು. ಆ ಮಾತನ್ನು ಆ ಮಗುವಿನ ತಾಯಿಗೆ ಹೇಳುವ ಹಾಗಿರಲಿಲ್ಲ. ಹೊರಡುವಾಗ ಆಕೆ ಮತ್ತೆ ಹೇಳಿದಳು:

“ಬಂದ್ ಮಾಡೂದಿದ್ರ ಒಂದ ದಿನ ಮೊದಲ ಹೇಳ್ರಿ. ಇದ್ದಬದ್ದ ಕೊಡ ಎಲ್ಲಾ ತುಂಬಿ ಇಟಗೋತೇವಿ.”

ಒಂದು ದಿನ ಮೊದಲು. ಅದನ್ನು ನಾನು ಬಹಳ ದಿನ ಯೋಚಿಸಿದೆ.

ಮಳೆಗಾಲ ಮುಗಿದ ಮೇಲೆ ಮೇಲಧಿಕಾರಿಯೊಬ್ಬರು ಘಟಕ ನೋಡಲು ಬಂದರು. ಘಟ್ಟದ ನೀರು ಯಾವ ಕಾಲಕ್ಕೂ ಮೆದುವೇ, ಸುಣ್ಣದ ಗುಣ ಇಲ್ಲದ್ದೇ, ಇದರಲ್ಲಿ ಹೊಸದೇನಿದೆ ಎಂದು ಕೇಳಿದರು. ಅವರ ಮಾತು ತಪ್ಪಲ್ಲ. ಘಟ್ಟದ ನೀರು ಹಾಗೆಯೇ ಇತ್ತು, ಮಳೆ ಬರುವ ಕ್ರಮ ಬದಲಾಗಿತ್ತು. ತಿಂಗಳುಗಟ್ಟಲೆ ಒಣಗಿ, ಎಲೆ ಕೊಳೆತು ಬಿದ್ದ ಬೆಟ್ಟದ ಮೇಲೆ ಒಂದೇ ಸಲ ಮಳೆ ಸುರಿದರೆ ಅದು ಮಣ್ಣಿನೊಳಗೆ ಇಳಿಯುವುದಿಲ್ಲ, ಕಲ್ಲನ್ನು ಮುಟ್ಟಿ ಏನನ್ನೂ ಪಡೆಯುವುದಿಲ್ಲ, ಮೇಲೆಯೇ ಜಾರಿ ಓಡುತ್ತದೆ. ಇಷ್ಟನ್ನು ಹೇಳಿದೆ. ಅವರು ತಲೆಯಾಡಿಸಿ, ಸುಣ್ಣದ ತೊಟ್ಟಿಗೆ ಒಪ್ಪಿಗೆ ಕೊಟ್ಟರು. ಆಗ ಹವಾಮಾನ ಬದಲಾವಣೆ ಎಂಬ ಮಾತು ನಮ್ಮ ಕಚೇರಿಗಳಲ್ಲಿ ಕೇಳಿಬರುತ್ತಿರಲಿಲ್ಲ. ಒಂದು ವರ್ಷದ ಮಳೆಯನ್ನು ನೋಡಿ ಅಂಥ ಮಾತನ್ನು ನಾನೂ ಆಡಲಾರೆ. ಆದರೆ ಮುಂದಿನ ವರ್ಷವೂ ಮೇ ತಿಂಗಳು ಒಣಗಿಯೇ ಕಳೆಯಿತು. ಮೋಡ ಬಂದು ಬಂದು ಹೋಯಿತು.

ಜೂನ್ ನಡುವಿನಲ್ಲಿ ರಜೆ ಹಾಕಿ ನಾನು ಘಟ್ಟಕ್ಕೆ ಹೊರಟೆ. ನಿಪ್ಪಾಣಿಯಿಂದ ಒಂದು ಬಸ್ಸು, ಅಲ್ಲಿಂದ ಇನ್ನೊಂದು, ಕೊನೆಗೆ ಒಂದು ಹಾಲಿನ ಗಾಡಿ. ಟ್ರಂಕಿನಲ್ಲಿ ಬಾಟಲಿ, ಬ್ಯುರೆಟ್ಟು, ಆಮ್ಲ. ಎಂಜಿನಿಯರ್ ಸಾಹೇಬರು, “ಒಬ್ಬರ ಹೊಂಟೀರೇನು?” ಎಂದಷ್ಟೇ ಕೇಳಿದ್ದರು. ಬೇರೆ ಯಾರಿದ್ದರು? ವೇದಗಂಗೆಗೆ ಸೇರುವ ಒಂದು ಹಳ್ಳದ ಮೇಲಿನ ಊರಿನಲ್ಲಿ ಅಂಚೆ ಕಚೇರಿಯಿತ್ತು, ಅದರಲ್ಲಿ ಒಂದು ಟೆಲಿಫೋನು. ಅದಕ್ಕಾಗಿಯೇ ಆ ಊರನ್ನು ಆರಿಸಿದ್ದೆ. ಮುಚ್ಚಿದ ಶಾಲೆಯ ಪಡಸಾಲೆಯಲ್ಲಿ ಇರಲು ಬಿಟ್ಟರು. ಅಲ್ಲಿ ಎಲ್ಲರೂ ಮರಾಠಿಯವರು. ನನಗೆ ಮರಾಠಿ ಬರುತ್ತಿತ್ತು, ಆದರೂ ನಾನು ಏನು ಕಾಯುತ್ತಿದ್ದೇನೆಂದು ಯಾರಿಗೂ ವಿವರಿಸಲಾಗಲಿಲ್ಲ. ಮಳೆ ಕಾಯಲು ಬಂದ ‘ಬಾಯಿ’, ಅಂದರೆ ಹೆಂಗಸು, ಎಂದು ಕರೆದರು.

ದಿನವೂ ಹಳ್ಳಕ್ಕೆ ಇಳಿದು ಮಡುವಿನ ನೀರು ಪರೀಕ್ಷಿಸುತ್ತಿದ್ದೆ. ಮಡು ಕುಗ್ಗಿದಂತೆ ನೀರು ಗಡಸಾಗುತ್ತ ಹೋಯಿತು. ಕಲ್ಲಿನ ಸಂದಿನಿಂದ ಒಸರುವ ಹಳೆಯ ನೀರದು. ಉಳಿದ ಹೊತ್ತು ಪಡಸಾಲೆಯಲ್ಲಿ ಕೂತು ಎದುರಿನ ಗುಡ್ಡ ನೋಡುವುದು. ನಮ್ಮ ಘಟಕದ ಒಂಟಿತನಕ್ಕೆ ಮೋಟಾರಿನ ಸದ್ದಾದರೂ ಇತ್ತು. ಇಲ್ಲಿ ಅದೂ ಇಲ್ಲ. ಮಳೆ ಬಾರದೆ ಹೋದರೆ, ರಜೆ ಮುಗಿದು ನಾನು ಬರಿಗೈಯಲ್ಲಿ ಬಸ್ಸು ಹತ್ತಿದರೆ ಎಂಬ ಅಳುಕು. ಬಂದರೆ ಬರುವುದು ಏನೆಂದೂ ಗೊತ್ತಿದ್ದುದರಿಂದ, ಬರಲಿ ಎಂದು ಬೇಡಲೂ ಮನಸ್ಸು ಒಪ್ಪುತ್ತಿರಲಿಲ್ಲ.

ಒಂದು ಬೆಳಗ್ಗೆ ಗುಡ್ಡವೇ ಕಾಣದಾಯಿತು. ಮಳೆ ಹನಿಯಾಗಿ ಶುರುವಾಗಲಿಲ್ಲ, ಒಮ್ಮೆಲೇ ಸುರಿಯಿತು. ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಹಳ್ಳಕ್ಕೆ ಹೋದೆ. ನಾನು ದಿನವೂ ಕೂರುತ್ತಿದ್ದ ಬಂಡೆ ನೋಡನೋಡುತ್ತಲೇ ಮುಳುಗಿತು. ಕೆಂಪು ನೀರು, ಎಲೆ, ನೊರೆ. ಬಾಟಲಿ ತುಂಬಿಕೊಂಡು ಶಾಲೆಗೆ ಓಡಿಬಂದು ಸೋಸಿ, ಹನಿ ಬಿಟ್ಟೆ. ಮೊದಲ ಹನಿಗಳಿಗೇ ಬಣ್ಣ ತಿರುಗಿತು.

ಅಂಚೆ ಕಚೇರಿಯಲ್ಲಿ ಅರ್ಜೆಂಟ್ ಟ್ರಂಕ್ ಕಾಲ್ ಹಚ್ಚಿಸಿದೆ. ಲೈನು ಸಿಗಲಿಲ್ಲ. ಪೋಸ್ಟ್ ಮಾಸ್ತರರು ಮತ್ತೆ ಮತ್ತೆ ಕೂಗಿ ಸೋತು, “ಪಾವಸ್ ಆಲಾ ಕೀ ಅಸಂಚ್,” ಎಂದರು, ಮಳೆ ಬಂದರೆ ಹೀಗೇ ಎಂದು. ಈ ನೀರು ನಮ್ಮ ಜಾಕ್‌ವೆಲ್ಲಿಗೆ ಮುಟ್ಟಲು ಹೆಚ್ಚೆಂದರೆ ಮರುದಿನದವರೆಗೆ ಹೊತ್ತಿತ್ತು. ಬೆಂಚಿನ ಮೇಲೆ ಕೂತೆ, ಸೀರೆಯಿಂದ ನೀರು ಸೋರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಫೋನಿನ ಗಂಟೆ ಹೊಡೆಯಿತು. ಗರಗರ ಸದ್ದಿನ ತಳದಲ್ಲಿ ಕಾಕಾನ ದನಿ.

“ಕಾಕಾ, ನಾನ್ರಿ. ನೀರ ಬಂತು. ಅದ ಕೆಂಪ ನೀರು. ಸುಣ್ಣ ಅರಳಿಸಿ ಇಡ್ರಿ. ಟಾಕಿ ಈಗ ತುಂಬಸ್ರಿ. ಊರಿಗೆಲ್ಲಾ ಮೈಕ ಕಳಸ್ರಿ, ಕೊಡ ತುಂಬಿ ಇಟಗೊಳ್ಳಾಕ ಹೇಳ್ರಿ.”

ಅವರು ಫೋನು ಹಿಡಿದೇ ಹೊರಗೆ ಇಣುಕಿರಬೇಕು.

“ಅಕ್ಕಾರ, ಇಲ್ಲಿ ಬಿಸಲ ಬೆಂಕಿ ಬೆಂಕಿ ಬಿದ್ದೈತ್ರಿ. ಹೊಳ್ಯಾಗ ಎಮ್ಮಿ ಮಲಗ್ಯಾವ.”

“ಗೊತ್ತೈತ್ರಿ ಕಾಕಾ.”

ಲೈನು ಹೋಯಿತೆಂದುಕೊಂಡೆ. ಅಷ್ಟರಲ್ಲಿ ಅವರು ಫೋನನ್ನು ಬದಿಗೆ ಹಿಡಿದು ಯಾರಿಗೋ ಕೂಗುವುದು ಕೇಳಿಸಿತು: “ಏ, ಸುಣ್ಣದ ಚೀಲ ಬಿಚ್ಚಲೇ! ಮೈಕಿನವನ್ನ ಕರಕೊಂಡ ಬಾ, ಲಗೂನ!” ಮತ್ತೆ ನನಗೆ: “ಮೊದಲ ಯಾವ ಊರಿಗಿ ಕಳಸ್ಲಿರಿ?”

“ಕಡೀ ಊರಿಂದ ಸುರು ಮಾಡ್ರಿ.”

“ಹೂನ್ರಿ,” ಎಂದರು. ಲೈನು ಕಡಿಯಿತು.

ನಾನು ಫೋನಿಟ್ಟು, ಪೋಸ್ಟ್ ಮಾಸ್ತರರಿಗೆ ಕೈಮುಗಿದು ಹೊರಗೆ ಬಂದೆ. ಓಣಿಯಲ್ಲಿ ಒಂದು ಜೀವವೂ ಇರಲಿಲ್ಲ. ಮಳೆ ಇನ್ನೂ ಹಾಗೆಯೇ ಸುರಿಯುತ್ತಿತ್ತು. ನೀರಿನ ಗುಣ ತಾಸಿಗೊಮ್ಮೆ ಬದಲಾಗುತ್ತದೆ. ಮತ್ತೊಂದು ಬಾಟಲಿ ತೆಗೆದುಕೊಂಡು ಹಳ್ಳಕ್ಕೆ ಇಳಿದೆ.